ಉಪಗ್ರಹದ ಮಳೆ ಅಂದಾಜು: ಹೊಲದ ನಿರ್ಧಾರಕ್ಕೆ ಎಷ್ಟು ಆಧಾರ?

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಗೌರಿಬಿದನೂರಿನ ಮುಸುಕಿನ ಜೋಳ ಮತ್ತು ಚಿಂತಾಮಣಿಯ ರಾಗಿ, ನೆಲಗಡಲೆ ಮಳೆಯನ್ನೇ ನೆಚ್ಚಿವೆ. ಶಿಡ್ಲಘಟ್ಟದ ಹಿಪ್ಪುನೇರಳೆಗೆ ನೀರುಣಿಸುವ ಕೊಳವೆಬಾವಿಗಳ ಮರುಪೂರಣಕ್ಕೂ ಮಳೆಯೇ ಮೂಲ. ಈಗ ಮೊಬೈಲಿನಲ್ಲಿ ಉಪಗ್ರಹ ಆಧಾರಿತ ಮಳೆ ನಕ್ಷೆಗಳು ಸುಲಭವಾಗಿ ದೊರೆಯುತ್ತಿವೆ. ಅವುಗಳನ್ನು ನಂಬಿ ಬಿತ್ತುವ ಮುನ್ನ ಅವು ಸಿದ್ಧವಾಗುವ ಬಗೆಯನ್ನು ಅರಿಯುವುದು ಅವಶ್ಯಕ.

ಅಂದಾಜು ಮಾಡುವ ವಿಧಾನ

2014ರ ಫೆಬ್ರವರಿಯಲ್ಲಿ ನಾಸಾ ಮತ್ತು ಜಪಾನಿನ ಜಾಕ್ಸಾ ಸಂಸ್ಥೆಗಳು ಉಡಾಯಿಸಿದ ಜಿಪಿಎಂ ಉಪಗ್ರಹದಲ್ಲಿ ಮೈಕ್ರೋವೇವ್ ಸಂವೇದಕವಿದೆ. ಸಮುದ್ರದ ಮೇಲೆ ಮಳೆಹನಿಗಳು ಸೂಸುವ ವಿಕಿರಣವನ್ನು ಅದು ಸ್ಪಷ್ಟವಾಗಿ ಗುರುತಿಸುತ್ತದೆ. ಆದರೆ ಭೂಮಿಯು ತಾನೇ ಹೆಚ್ಚು ವಿಕಿರಣ ಸೂಸುವುದರಿಂದ ಇಲ್ಲಿ ಹನಿಗಳು ಬೇರೆಯಾಗಿ ಕಾಣುವುದಿಲ್ಲ. ಆದ್ದರಿಂದ ನೆಲದಿಂದ ಮೇಲೇರುವ, ಸುಮಾರು 89 ಗಿಗಾಹರ್ಟ್ಸ್ ಆವರ್ತನದ ವಿಕಿರಣವನ್ನು ಮೋಡದೊಳಗಿನ ಮಂಜುಗಡ್ಡೆಯ ಕಣಗಳು ಎಷ್ಟು ಚದುರಿಸಿವೆ ಎಂಬುದರಿಂದ ಮಳೆಯನ್ನು ಮುಖ್ಯವಾಗಿ ಅಂದಾಜಿಸಲಾಗುತ್ತದೆ.

ಮಿತಿಗಳು

• ಏಪ್ರಿಲ್–ಮೇ ಹಾಗೂ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳ ಎತ್ತರದ ಗುಡುಗು ಮೋಡಗಳಲ್ಲಿ ಮಂಜುಗಡ್ಡೆ ಹೆಚ್ಚು. ಅಂತಹ ಮಳೆ ಚೆನ್ನಾಗಿ ಗೋಚರಿಸುತ್ತದೆ.
• ಮುಂಗಾರಿನ ಸೋನೆ ಮಳೆ ತಗ್ಗು ಮೋಡಗಳಿಂದ ಸುರಿಯುವುದರಿಂದ ನಕ್ಷೆಯಲ್ಲಿ ಕಡಿಮೆಯಾಗಿ ಕಾಣಬಹುದು ಅಥವಾ ತಪ್ಪಿಯೇ ಹೋಗಬಹುದು.
• ಗುಡುಗು ಮೋಡದ ಮೇಲ್ಭಾಗ ಹರಡಿದಾಗ, ಹನಿ ಬೀಳದ ಹೊಲದಲ್ಲೂ ಮಳೆ ತೋರಬಹುದು.
• ಹಲವು ಉಪಗ್ರಹಗಳ ಮಾಹಿತಿ ಕೂಡಿಸಿದ ಐಮರ್ಗ್ ನಕ್ಷೆಯ ಒಂದು ಚೌಕ ನಮ್ಮಲ್ಲಿ ಸುಮಾರು 120 ಚದರ ಕಿ.ಮೀ., ಅಂದರೆ ಸುಮಾರು 30 ಸಾವಿರ ಎಕರೆ. ಅದು ಸರಾಸರಿಯೇ ಹೊರತು ನಿಮ್ಮ ಹೊಲದ ಅಳತೆಯಲ್ಲ.

ಶಿಫಾರಸುಗಳು

1. ಹೋಬಳಿ, ತಾಲ್ಲೂಕುಗಳ ಒಟ್ಟಾರೆ ಮಳೆಯ ಹಂಚಿಕೆ ಅರಿಯಲು ಉಪಗ್ರಹ ನಕ್ಷೆಯನ್ನು ಬಳಸಿರಿ.
2. ಬಿತ್ತನೆ ಮತ್ತು ಮೇಲುಗೊಬ್ಬರದ ನಿರ್ಧಾರಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಳವಡಿಸಿರುವ ಮಳೆಮಾಪಕದ ಅಳತೆಯನ್ನು ನೋಡಿರಿ.
3. ಬಯಲಿನಲ್ಲಿ ಸಮತಟ್ಟು ತಳದ, ನೇರ ಗೋಡೆಯ ಪಾತ್ರೆಯನ್ನಿಟ್ಟು, ಸಂಗ್ರಹವಾದ ನೀರಿನ ಎತ್ತರವನ್ನು ಪ್ರತಿದಿನ ಬೆಳಿಗ್ಗೆ 8.30ಕ್ಕೆ ಬರೆದಿಡಿರಿ. 1 ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು.
4. ಬಿತ್ತುವ ಮುನ್ನ ಮಣ್ಣು ಅಗೆದು, ಸುಮಾರು 15 ಸೆಂ.ಮೀ. ಆಳದವರೆಗೆ ಹಸಿ ಇಳಿದಿರುವುದನ್ನು ಖಚಿತಪಡಿಸಿಕೊಳ್ಳಿರಿ. ಮೇಲ್ಪದರ ಮಾತ್ರ ನೆನೆದಿದ್ದರೆ ಮೊಳೆತ ಬೀಜ ಒಣಗಿ, ಬೀಜ, ಗೊಬ್ಬರ, ಕೂಲಿ ಮೂರೂ ನಷ್ಟವಾಗುತ್ತವೆ.
5. ವಿಸ್ತರಣಾ ಕಾರ್ಯಕರ್ತರು ಸೋನೆ ಮಳೆಯ ದಿನಗಳಲ್ಲಿ ನಕ್ಷೆಯೊಂದನ್ನೇ ಆಧರಿಸಿ “ಮಳೆಯಾಗಿಲ್ಲ” ಎಂದು ವರದಿ ಮಾಡಬಾರದು. ಮಳೆಮಾಪಕದ ಅಳತೆಯೊಡನೆ ಹೋಲಿಸಿ, ವ್ಯತ್ಯಾಸವನ್ನು ದಾಖಲಿಸಬೇಕು.

ಉಪಗ್ರಹವು ಪ್ರದೇಶದ ಚಿತ್ರಣ ನೀಡುತ್ತದೆ; ಬಿತ್ತನೆಯ ದಿನವನ್ನು ನಿರ್ಧರಿಸಬೇಕಾದುದು ನಿಮ್ಮ ಹೊಲದ ತೇವಾಂಶ.