ಲಗ್ನಪತ್ರಿಕೆಯ ಮೊದಲ ಹೆಸರು ಅಮ್ಮನದು

ಊರಿನಲ್ಲಿ ಮದುವೆ ಮಾಡುವುದು ಸುಲಭವೆಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಮುಂದೇನು ಮಾಡಬೇಕೆಂದು ಯಾರಿಗಾದರೂ ಗೊತ್ತಿರುತ್ತದೆ. ಕಲಶ ಎಲ್ಲಿಡಬೇಕೆಂದು ಅಜ್ಜಿಗೆ ಗೊತ್ತು, ಮುನ್ನೂರು ಎಲೆಗೆ ಎಷ್ಟು ಸೇರು ಬೇಳೆ ಎಂದು ಅಡುಗೆ ಭಟ್ಟರಿಗೆ ಗೊತ್ತು, ವಾಲಗದವರಿಗೆ ಯಾವಾಗ ಜೋರಾಗಿ ಊದಬೇಕೆಂದು ಪುರೋಹಿತರ ಬೆರಳು ನೋಡಿದರೇ ಗೊತ್ತು. ಹೊರದೇಶದಲ್ಲಿ ಹಾಗಲ್ಲ. ಇಲ್ಲಿ ಪ್ರತಿಯೊಂದನ್ನೂ ಬರೆದಿಡಬೇಕು, ಪ್ರತಿಯೊಂದಕ್ಕೂ ಯಾರಾದರೂ ‘ಇದು ಯಾಕೆ?’ ಎಂದು ಕೇಳುತ್ತಾರೆ. ಉತ್ತರ ಹುಡುಕುವಾಗ ನಮಗೇ ಗೊತ್ತಿಲ್ಲದ ಸಂಗತಿಗಳು ಹೊರಬರುತ್ತವೆ.

ಕಳೆದ ಜೂನ್‌ನಲ್ಲಿ ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ಬಳಿ ನಡೆದ ಮದುವೆಯೊಂದರ ತಯಾರಿಯನ್ನು ನಾನು ಹತ್ತಿರದಿಂದ ಕಂಡೆ. ಹುಡುಗಿ ನಮ್ಮ ಕುಟುಂಬದ ಹಳೆಯ ಗೆಳೆಯರ ಮಗಳು. ತಂದೆ ಹಾಸನ ಜಿಲ್ಲೆಯವರು, ಆರು ವರ್ಷದ ಹಿಂದೆ ತೀರಿಕೊಂಡರು. ತಾಯಿ ಧಾರವಾಡದವರು, ಇಲ್ಲಿನ ಶಾಲೆಯೊಂದರಲ್ಲಿ ಕೆಲಸ. ಹುಡುಗ ಯಾರ್ಕ್‌ಷೈರ್‌ನವನು. ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟ್ ಆದ್ದರಿಂದ ಖರ್ಚಿನ ಪಟ್ಟಿ ಸಹಜವಾಗಿಯೇ ನನ್ನ ಪಾಲಿಗೆ ಬಂತು.

ಎರಡು ಮದುವೆ, ಒಂದೇ ಜೋಡಿ

ಮೊದಲು ಕಾನೂನು. ಇಂಗ್ಲೆಂಡಿನಲ್ಲಿ ಹೋಟೆಲಿನ ಸಭಾಂಗಣದಲ್ಲಿ ಹೋಮ, ಸಪ್ತಪದಿ ಎಲ್ಲ ಮುಗಿಸಿದರೂ ಅದೊಂದರಿಂದಲೇ ಕಾನೂನಿನ ಕಣ್ಣಿಗೆ ಮದುವೆಯಾದಂತಲ್ಲ. ವಿವಾಹಕ್ಕೆಂದು ನೋಂದಾಯಿಸಿದ ದೇವಸ್ಥಾನವಾದರೆ ಬೇರೆ ಮಾತು. ಇನ್ನು ರಿಜಿಸ್ಟ್ರಾರ್ ನಡೆಸುವ ಸಿವಿಲ್ ವಿವಾಹದಲ್ಲಿ ಧಾರ್ಮಿಕ ವಿಧಿ ಸೇರಿಸುವಂತಿಲ್ಲ. ಹಾಗಾಗಿ ಇಲ್ಲಿನ ನಮ್ಮವರಲ್ಲಿ ಹೆಚ್ಚಿನವರು ಎರಡು ಬಾರಿ ಮದುವೆಯಾಗುತ್ತಾರೆ: ವಾರದ ನಡುವೆ ರಿಜಿಸ್ಟರ್ ಕಚೇರಿಯಲ್ಲಿ ಒಮ್ಮೆ, ಶನಿವಾರ ಅಗ್ನಿಯ ಮುಂದೆ ಇನ್ನೊಮ್ಮೆ. ವಧೂವರರಿಬ್ಬರೂ ಕನಿಷ್ಠ 28 ದಿನ ಮೊದಲೇ ಕಚೇರಿಗೆ ಹೋಗಿ ನೋಟಿಸ್ ಕೊಡಬೇಕು. ಕೆಲವು ವಿದೇಶಿ ಪ್ರಜೆಗಳ ವಿಷಯದಲ್ಲಿ ಈ ಅವಧಿ 70 ದಿನದವರೆಗೂ ಹೋಗಬಹುದು. ಛತ್ರ ಹಿಡಿಯುವ ಮೊದಲು ನೋಡಬೇಕಾದ ಕ್ಯಾಲೆಂಡರ್ ಇದು.

ಈ ಕಚೇರಿಯ ಕಾಗದದಲ್ಲೇ ನಮ್ಮ ಮದುವೆಯ ದಿಕ್ಕು ಬದಲಿಸಿದ ಸಂಗತಿಯೊಂದಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1837ರಿಂದ ವಿವಾಹ ದಾಖಲೆಯಲ್ಲಿ ತಂದೆಯ ಹೆಸರಿಗೆ, ಅವನ ಉದ್ಯೋಗಕ್ಕೆ ಮಾತ್ರ ಜಾಗವಿತ್ತು. ತಾಯಿಯ ಹೆಸರಿಗೆ ಜಾಗ ಸಿಕ್ಕಿದ್ದು 2021ರ ಮೇ 4ರಿಂದ. ಹುಡುಗಿ ಅರ್ಜಿ ತುಂಬುತ್ತಾ ಅಮ್ಮನ ಹೆಸರು, ಉದ್ಯೋಗ ಬರೆದಳು. ಅದೇ ಸಂಜೆ ಊರಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಲಗ್ನಪತ್ರಿಕೆಯ ಕರಡು ಬಂತು. ಆಹ್ವಾನಿಸುವವರ ಜಾಗದಲ್ಲಿ ಹಾಸನದ ದೊಡ್ಡಪ್ಪ, ದೊಡ್ಡಮ್ಮನ ಹೆಸರು. ಒಕ್ಕಣೆಯ ಒಳಗೆ ‘ದಿವಂಗತ’ ಎಂಬ ಪದದ ಹಿಂದೆ ತಂದೆಯ ಹೆಸರು. ಅಮ್ಮನ ಹೆಸರು ಎಲ್ಲೂ ಇರಲಿಲ್ಲ.

ಯಾರೂ ಬೇಕೆಂದು ಬಿಟ್ಟದ್ದಲ್ಲ. ನಮ್ಮ ಕಡೆ ಹಲವು ಮನೆಗಳಲ್ಲಿ ಪತ್ರಿಕೆ ಹಾಗೆಯೇ ಅಚ್ಚಾಗುತ್ತದೆ. ಹುಡುಗಿ ಜಗಳವಾಡಲಿಲ್ಲ. ಕನ್ನಡ ನಿಧಾನವಾಗಿ ಓದುವ ಆಕೆ ಕರಡನ್ನು ತಾನೇ ತಿದ್ದಿ, ಅಮ್ಮನ ಹೆಸರನ್ನು ಮೊದಲ ಸಾಲಿಗೆ ತಂದು, ದೊಡ್ಡಪ್ಪನವರ ಹೆಸರನ್ನು ‘ಆಗಮನಾಭಿಲಾಷಿಗಳು’ ಎಂಬಲ್ಲಿ ದಪ್ಪಕ್ಷರದಲ್ಲಿ ಇಟ್ಟು ವಾಪಸು ಕಳಿಸಿದಳು. ಮೂರು ದಿನ ಊರಿನಿಂದ ಉತ್ತರವಿರಲಿಲ್ಲ. ನಾಲ್ಕನೆಯ ದಿನ ದೊಡ್ಡಪ್ಪ ಬರೆದದ್ದು ಒಂದೇ ಸಾಲು: ‘ಆಗಲಿ, ಅಚ್ಚಿಗೆ ಕೊಡಿ.’

ಪಂಚಾಂಗಕ್ಕೂ ಊರು ಬೇಕು

ಮುಹೂರ್ತದ ವಿಷಯದಲ್ಲಿ ಅನಿವಾಸಿಗಳಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಊರಿನ ಜೋಯಿಸರು ಕೊಟ್ಟ ಗಳಿಗೆಯಿಂದ ಬೇಸಿಗೆಯಾದರೆ ನಾಲ್ಕೂವರೆ ಗಂಟೆ, ಚಳಿಗಾಲವಾದರೆ ಐದೂವರೆ ಗಂಟೆ ಕಳೆದರೆ ಇಲ್ಲಿನ ಮುಹೂರ್ತ ಸಿಕ್ಕಿತೆಂದು ಭಾವಿಸುವುದು. ತಿಥಿ, ನಕ್ಷತ್ರಗಳಿಗೆ ಈ ಲೆಕ್ಕ ಸರಿ, ಅವು ಮುಗಿಯುವ ಕ್ಷಣ ಜಗತ್ತಿಗೆಲ್ಲ ಒಂದೇ. ಲಗ್ನಕ್ಕೆ ಸರಿಯಲ್ಲ. ಲಗ್ನವೆಂದರೆ ಆ ಜಾಗದ ಪೂರ್ವ ದಿಗಂತದಲ್ಲಿ ಆಗ ಉದಯಿಸುತ್ತಿರುವ ರಾಶಿ, ಅದು ಅಕ್ಷಾಂಶವನ್ನು ಅವಲಂಬಿಸಿದೆ. ಬೆಂಗಳೂರಿನಲ್ಲಿ ಒಂದೊಂದು ಲಗ್ನ ಹೆಚ್ಚು ಕಡಿಮೆ ಎರಡು ಗಂಟೆ. ಲಂಡನ್ನಿನ ಅಕ್ಷಾಂಶದಲ್ಲಿ ಮೀನ ಲಗ್ನ ಒಂದು ಗಂಟೆಯೊಳಗೇ ಮುಗಿದುಹೋಗುತ್ತದೆ, ಕನ್ಯಾ ಲಗ್ನ ಎರಡೂಮುಕ್ಕಾಲು ಗಂಟೆ ಎಳೆಯುತ್ತದೆ. ಆದ್ದರಿಂದ ಮದುವೆ ನಡೆಯುವ ಊರಿಗೇ ಲೆಕ್ಕ ಹಾಕಿಸಬೇಕು. ನಮ್ಮ ಪುರೋಹಿತರು ವಾರವೆಲ್ಲ ಸಾಫ್ಟ್‌ವೇರ್ ಕೆಲಸ ಮಾಡಿ ವಾರಾಂತ್ಯದಲ್ಲಿ ಮಂತ್ರ ಹೇಳುವವರು. ರೆಡಿಂಗ್‌ನ ಅಕ್ಷಾಂಶ, ರೇಖಾಂಶ ಹಾಕಿ ಮಧ್ಯಾಹ್ನಕ್ಕೆ ಮೊದಲಿನ ಗಳಿಗೆಯೊಂದನ್ನು ತೆಗೆದುಕೊಟ್ಟರು.

ಹೋಮಕ್ಕೆ ಹೋಟೆಲಿನವರ ಒಪ್ಪಿಗೆ ಪಡೆಯುವುದು ಇನ್ನೊಂದು ಅಧ್ಯಾಯ. ಹೊಗೆ ಪತ್ತೆ ಸಾಧನಗಳನ್ನು ಆ ಹೊತ್ತಿಗೆ ಮಾತ್ರ ನಿಲ್ಲಿಸಬೇಕು, ಅಗ್ನಿಸುರಕ್ಷೆಯ ಸಿಬ್ಬಂದಿಯೊಬ್ಬರು ಪಕ್ಕದಲ್ಲಿ ನಿಲ್ಲಬೇಕು, ಕುಂಡದ ಅಳತೆ ಮೊದಲೇ ಹೇಳಬೇಕು. ಇವೆಲ್ಲ ಬಾಯಿಮಾತಿನಲ್ಲಿ ಉಳಿಯದೆ ಒಪ್ಪಂದದ ಪತ್ರದಲ್ಲಿ ಬರಬೇಕು. ಅಕ್ಷತೆಯ ಅರಿಶಿನ ಕಾರ್ಪೆಟ್ಟಿಗೆ ಹತ್ತುತ್ತದೆಂಬ ಆತಂಕವೂ ಅವರಿಗಿತ್ತು. ಒಣಗಿಸಿದ ಅಕ್ಷತೆಯನ್ನು ಚಿಕ್ಕ ಬಟ್ಟೆ ಚೀಲಗಳಲ್ಲಿ ಹಂಚಿ, ಮಂಟಪದ ಸುತ್ತ ಜಮಖಾನ ಹಾಸಿದ ಮೇಲೆ ಅದು ಬಗೆಹರಿಯಿತು.

ಅಂತರಪಟದ ಎರಡೂ ಮುಖ

ಈ ಮದುವೆಯ ಅತಿ ಚೆಂದದ ವಸ್ತು ಎಂದರೆ ಅಂತರಪಟ. ಸಾಮಾನ್ಯವಾಗಿ ಬಿಳಿಯ ಬಟ್ಟೆಯ ಮೇಲೆ ಕುಂಕುಮದ ಸ್ವಸ್ತಿಕ ಬರೆದು ಮುಗಿಸುತ್ತೇವೆ. ತಾಯಿ ಧಾರವಾಡದವರಲ್ಲವೇ, ಒಂದು ಚಳಿಗಾಲ ಪೂರ್ತಿ ಕೂತು ಅದರ ಮೇಲೆ ಕಸೂತಿ ಹಾಕಿದರು. ನಡುವೆ ಗೋಪುರ, ಅಂಚಿಗೆ ತುಳಸಿ ವೃಂದಾವನ. ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಗಂಟು ಹಾಕುವುದಿಲ್ಲ, ಬಟ್ಟೆಯ ಎರಡೂ ಬದಿಯಲ್ಲಿ ಚಿತ್ತಾರ ಒಂದೇ ರೀತಿ ಕಾಣುತ್ತದೆ. ಅಂತರಪಟಕ್ಕೆ ಇದಕ್ಕಿಂತ ಹೊಂದುವ ಹೊಲಿಗೆ ಬೇರೆ ಇರಲಾರದು. ಈಚೆ ನಿಂತ ವಧುವಿಗೂ ಆಚೆ ನಿಂತ ವರನಿಗೂ ಕಂಡದ್ದು ಒಂದೇ ಗೋಪುರ.

ಇಂಗ್ಲಿಷ್ ಮದುವೆಗಳಲ್ಲಿ ಬಂದವರ ಕೈಗೆ ಕಾರ್ಯಕ್ರಮದ ಕಿರುಹೊತ್ತಗೆ ಕೊಡುವ ರೂಢಿಯಿದೆ. ಹುಡುಗಿ ಅದನ್ನು ನಮ್ಮ ಮದುವೆಗೆ ಅಳವಡಿಸಿದಳು. ಎಡ ಪುಟದಲ್ಲಿ ಕನ್ನಡ, ಬಲ ಪುಟದಲ್ಲಿ ಇಂಗ್ಲಿಷ್. ಕಾಶಿಯಾತ್ರೆಗೆ ಹುಡುಗ ಛತ್ರಿ ಹಿಡಿದು ಹೊರಡುವುದೇಕೆ, ಜೀರಿಗೆ ಬೆಲ್ಲವನ್ನು ಒಬ್ಬರ ತಲೆಗೊಬ್ಬರು ಇಡುವುದೇಕೆ, ಸಪ್ತಪದಿಯ ಒಂದೊಂದು ಹೆಜ್ಜೆ ಯಾವುದಕ್ಕಾಗಿ ಎಂದು ಎರಡೆರಡು ಸಾಲು. ಇಂಗ್ಲೆಂಡಿನವರಿಗೆ ಛತ್ರಿಯ ಬಗ್ಗೆ ವಿವರಣೆ ಅಗತ್ಯವಿಲ್ಲವೆಂದು ವರನ ತಂದೆ ನಕ್ಕರು. ಮಳೆ ಬರದಿದ್ದದ್ದು ಮಾತ್ರ ಅವರಿಗೆ ವಿಚಿತ್ರವೆನಿಸಿತು.

ಆದರೆ ಆ ಹೊತ್ತಗೆಯ ಪ್ರತಿ ವಿಧಿಯ ಎದುರು ‘ಇದನ್ನು ಮಾಡುವವರು’ ಎಂಬ ಅಂಕಣವೂ ಇತ್ತು. ಧಾರೆಯ ಎದುರು ‘ದೊಡ್ಡಪ್ಪ, ದೊಡ್ಡಮ್ಮ’ ಎಂದು ಬರೆದಾಗ ಇಡೀ ಹೊತ್ತಗೆಯಲ್ಲಿ ಅಮ್ಮನ ಹೆಸರು ಒಂದು ಕಡೆಯೂ ಇಲ್ಲವೆಂದು ಹುಡುಗಿಗೆ ಕಂಡಿತು. ಪತ್ರಿಕೆಯಲ್ಲಿ ಮೊದಲ ಹೆಸರು ಅವರದು, ಮಂಟಪದಲ್ಲಿ ಅವರಿಗೆ ಜಾಗವಿಲ್ಲ. ಕೇಳಿದಾಗ ಅಮ್ಮ ಹೇಳಿದ್ದು: ‘ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನಲ್ಲ, ಸಾಕು ಬಿಡು.’

ಪುರೋಹಿತರನ್ನು ಕೇಳುವುದೆಂದು ತೀರ್ಮಾನವಾಯಿತು. ಅವರು ಒಂದು ವಾರ ತೆಗೆದುಕೊಂಡು ಹೇಳಿದ ಮಾತು ನೇರವಾಗಿತ್ತು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಕನ್ಯೆಯನ್ನು ಕೊಡಲು ಅಧಿಕಾರವುಳ್ಳವರ ಪಟ್ಟಿಯೇ ಇದೆ: ತಂದೆ, ಅಜ್ಜ, ಸೋದರ, ಕುಲದವರು, ತಾಯಿ. ತಾಯಿ ಕೊನೆಯಲ್ಲಿದ್ದಾಳೆ, ಆದರೆ ಇದ್ದಾಳೆ. ವಿಧವೆಯಾದರೆ ಆಗದೆಂದು ಆ ಪಟ್ಟಿ ಹೇಳಿಲ್ಲ. ಇನ್ನು ಆಕೆಗಿಂತ ಮೊದಲಿನ ಸ್ಥಾನದಲ್ಲಿರುವ ಕುಲದ ಹಿರಿಯರು ತಾವಾಗಿ ಒಪ್ಪಿ ಬಿಟ್ಟುಕೊಟ್ಟರೆ ತಮಗೆ ಯಾವ ಅಡ್ಡಿಯೂ ಇಲ್ಲ ಎಂದರು. ಅಂದರೆ ಪ್ರಶ್ನೆ ಶಾಸ್ತ್ರದಿಂದ ದಾಟಿ ದೊಡ್ಡಪ್ಪನವರ ಬಳಿಗೆ ಬಂತು.

ಅವರು ಮದುವೆಗೆ ಹತ್ತು ದಿನ ಮೊದಲು ಬಂದಿಳಿದರು. ವಿಷಯ ತಿಳಿದು ಎರಡು ದಿನ ಹೆಚ್ಚು ಮಾತಾಡಲಿಲ್ಲ. ತಮ್ಮನ ಮಗಳನ್ನು ಧಾರೆ ಎರೆದು ಕೊಡಬೇಕೆಂದು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತಿ ಬಂದ ಮನುಷ್ಯ ಅವರು. ಅವರ ನೋವೂ ಸಣ್ಣದಲ್ಲ. ಮೂರನೆಯ ದಿನ ಕಾಫಿ ಕುಡಿಯುತ್ತಾ ಅವರೇ ದಾರಿ ತೋರಿಸಿದರು. ಅವರ ಮನೆಯ ಪದ್ಧತಿಯಲ್ಲಿ ತಂದೆ ಮಗಳ ಕೈ ಹಿಡಿದು ವರನ ಕೈಯಲ್ಲಿಡುತ್ತಾನೆ, ತಾಯಿ ಗಿಂಡಿಯಿಂದ ನೀರೆರೆಯುತ್ತಾಳೆ. ‘ಕೈ ಅವಳು ಹಿಡಿಯಲಿ, ಗಿಂಡಿ ನನಗೆ ಕೊಡಿ’ ಎಂದರು.

ಹಾಗೆಯೇ ನಡೆಯಿತು. ತಾಯಿ ಮಗಳ ಕೈ ಹಿಡಿದು ಸಂಕಲ್ಪ ಹೇಳಿದರು. ತೆಂಗಿನಕಾಯಿಯ ಮೇಲೆ ದೊಡ್ಡಪ್ಪ ನೀರೆರೆದರು. ಅವರ ಕೈ ನಡುಗುತ್ತಿದ್ದರಿಂದ ದೊಡ್ಡಮ್ಮ ಗಿಂಡಿಗೆ ಕೆಳಗಿನಿಂದ ಆಸರೆ ಕೊಟ್ಟರು. ಸಭೆಯಲ್ಲಿ ಊರಿನಿಂದ ಬಂದ ಇಬ್ಬರು ಹಿರಿಯರು ಆ ಹೊತ್ತಿಗೆ ಎದ್ದು ಹೊರಗೆ ಹೋದದ್ದನ್ನೂ ನಾನು ಕಂಡೆ. ಊಟಕ್ಕೆ ಮಾತ್ರ ಬಂದು ಕೂತರು. ಯಾರೂ ಆ ವಿಷಯ ಎತ್ತಲಿಲ್ಲ.

ಲೆಕ್ಕದ ಮಾತು

ಮನಸ್ಸಿಗೆ ಹತ್ತಿರವಾದ ಇಂಥ ವಿವರಗಳಿಗೆ ಹಣ ಹೆಚ್ಚು ಬೇಕಾಗಲಿಲ್ಲ. ಅಂತರಪಟಕ್ಕೆ ಬಟ್ಟೆ, ದಾರದ ಖರ್ಚು ಮಾತ್ರ, ಹೊತ್ತಗೆಗೆ ಮುದ್ರಣದ್ದು. ಹಣ ನುಂಗುವುದು ಆಹ್ವಾನಿತರ ಪಟ್ಟಿ. ಮೊದಲ ಪಟ್ಟಿಯಲ್ಲಿ 310 ಜನರಿದ್ದರು, ಕೊನೆಗೆ 140ಕ್ಕೆ ಇಳಿಯಿತು. ಇಳಿದದ್ದರಿಂದಲೇ ಬಾಳೆ ಎಲೆಯ ಮೇಲೆ ಕೂರಿಸಿ ಹೋಳಿಗೆ ಬಡಿಸಲು ಸಾಧ್ಯವಾಯಿತು.

ಬ್ರಿಟನ್ನಿನಲ್ಲಿ ಮದುವೆ ಮಾಡುವವರಿಗೆ ನನ್ನ ವೃತ್ತಿಯಿಂದ ನಾಲ್ಕು ಮಾತು. ಒಂದು, ಸಭಾಂಗಣ, ಅಡುಗೆ, ಅಲಂಕಾರದ ದರಪಟ್ಟಿ ಬಂದಾಗ ಅದರಲ್ಲಿ ವ್ಯಾಟ್ ಸೇರಿದೆಯೇ ನೋಡಿ. ತೆರಿಗೆ ಶೇ 20. ಸೇರಿಲ್ಲದಿದ್ದರೆ 10,000 ಪೌಂಡ್ ಎಂದದ್ದು 12,000 ಆಗುತ್ತದೆ.

ಎರಡು, ಇಲ್ಲಿನ ಪಿತ್ರಾರ್ಜಿತ ತೆರಿಗೆಯ ನಿಯಮದಲ್ಲಿ ಮದುವೆಯ ಉಡುಗೊರೆಗೆ ವಿನಾಯಿತಿಯಿದೆ. ತಂದೆ ಅಥವಾ ತಾಯಿ ತಲಾ 5,000 ಪೌಂಡ್, ಅಜ್ಜ ಅಜ್ಜಿಯರು ತಲಾ 2,500, ಉಳಿದವರು 1,000 ಪೌಂಡ್‌ವರೆಗೆ ಕೊಟ್ಟದ್ದನ್ನು ತೆರಿಗೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮದುವೆಯ ದಿನ ಅಥವಾ ಅದಕ್ಕೆ ತುಸು ಮೊದಲು ಕೊಟ್ಟಿರಬೇಕು. ಕೊಟ್ಟದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿ.

ಮೂರು, ಊರಿನಿಂದ ಹಣ ಕಳಿಸುವ ಹಿರಿಯರಿಗೆ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲಿ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. ಭಾರತದ ಆದಾಯ ತೆರಿಗೆ ಕಾನೂನಿನಲ್ಲಿ ಮದುವೆಯ ಸಂದರ್ಭದಲ್ಲಿ ವಧೂವರರಿಗೆ ಬಂದ ಉಡುಗೊರೆಗೆ ತೆರಿಗೆಯಿಲ್ಲ.

ನಾಲ್ಕು, ಬರುವ ನೆಂಟರಿಗೆ ಮೊದಲೇ ಹೇಳಿ: ಭಾರತದಿಂದ ಹಾಲಿನ ಪದಾರ್ಥಗಳನ್ನು ಬ್ಯಾಗಿನಲ್ಲಿ ತರುವಂತಿಲ್ಲ. ಧಾರವಾಡ ಪೇಡ ವಿಮಾನ ನಿಲ್ದಾಣದಲ್ಲೇ ಕಸದ ಬುಟ್ಟಿ ಸೇರುವುದು ನೋಡಲಾಗದ ದೃಶ್ಯ.

ಅರುಂಧತಿ ಕಾಣುವ ದೇಶ

ಕೊನೆಯದಾಗಿ ಖರ್ಚಿಲ್ಲದ ಒಂದು ವಿವರ. ನಮ್ಮಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಪುರೋಹಿತರು ಆಕಾಶದತ್ತ ಬೆರಳು ತೋರಿಸಿ ‘ಅರುಂಧತಿ ಕಂಡಳೇ?’ ಎನ್ನುತ್ತಾರೆ, ನಾವು ‘ಕಂಡಳು’ ಎನ್ನುತ್ತೇವೆ. ವಸಿಷ್ಠ, ಅರುಂಧತಿ ಇರುವ ಸಪ್ತರ್ಷಿ ಮಂಡಲ ಉತ್ತರ ಆಕಾಶದ್ದು. ಬೆಂಗಳೂರಿನಲ್ಲಿ ಈ ಜೋಡಿ ಹುಟ್ಟಿ ಮುಳುಗುತ್ತದೆ. ಇಂಗ್ಲೆಂಡಿನಲ್ಲಿ ಅದು ಮುಳುಗುವುದೇ ಇಲ್ಲ, ಮೋಡವಿಲ್ಲದ ಯಾವ ರಾತ್ರಿಯಲ್ಲೂ ಕಾಣಬಹುದು. ಜೂನ್ ತಿಂಗಳ ರಾತ್ರಿ ಹನ್ನೊಂದಕ್ಕಂತೂ ಹೆಚ್ಚು ಕಡಿಮೆ ನೆತ್ತಿಯ ಮೇಲೆ. ಮೆಲ್ಬರ್ನ್‌ನ ನಮ್ಮ ಬಂಧುಗಳಿಗೆ ಆ ಭಾಗ್ಯವಿಲ್ಲ, ಅಲ್ಲಿಂದ ಆ ಜೋಡಿ ದಿಗಂತದ ಮೇಲೆ ಬರುವುದೇ ಇಲ್ಲ.

ಪುರೋಹಿತರು ಈ ವಿಧಿಯನ್ನು ಹೊತ್ತಗೆಯಲ್ಲಿ ‘ರಾತ್ರಿ 11 ಗಂಟೆಗೆ, ಹೊರಗಿನ ಹುಲ್ಲುಹಾಸಿನಲ್ಲಿ’ ಎಂದು ಬರೆಸಿದ್ದರು. ಬೇಸಿಗೆಯ ತಿಳಿಬೆಳಕು ಇನ್ನೂ ಆರಿರಲಿಲ್ಲ. ವಸಿಷ್ಠ ಬರಿಗಣ್ಣಿಗೆ ಕಂಡ, ಪಕ್ಕದ ಅರುಂಧತಿಗೆ ದುರ್ಬೀನು ಬೇಕಾಯಿತು. ವರನ ಅಜ್ಜಿಯಿಂದ ಹಿಡಿದು ದೊಡ್ಡಪ್ಪನವರವರೆಗೆ ಎಲ್ಲರೂ ಸರದಿಯಲ್ಲಿ ನೋಡಿದರು. ಜೀವಮಾನದಲ್ಲಿ ನೂರಾರು ಮದುವೆ ಕಂಡಿದ್ದ ದೊಡ್ಡಪ್ಪ ಅರುಂಧತಿಯನ್ನು ನಿಜವಾಗಿ ನೋಡಿದ್ದು ಅದೇ ಮೊದಲಂತೆ.

ಮುಂದಿನ ಬೇಸಿಗೆಯಲ್ಲಿ ಇಲ್ಲಿ ಮದುವೆ ಇಟ್ಟುಕೊಂಡವರು ಈ ಚಳಿಗಾಲದಲ್ಲೇ ಆರಂಭಿಸುವುದು ಒಳ್ಳೆಯದು. ಮೊದಲು ನೋಟಿಸಿನ ದಿನ ಗೊತ್ತು ಮಾಡಿ. ಆಮೇಲೆ ಒಂದು ಹಾಳೆಯಲ್ಲಿ ಯಾವ ವಿಧಿಯನ್ನು ಯಾರು ಮಾಡುತ್ತಾರೆಂದು ಬರೆಯಿರಿ. ಹೂವು, ದೀಪ, ಫೋಟೊಗ್ರಾಫರ್ ಎಲ್ಲ ಆಮೇಲೆ. ಆ ಹಾಳೆಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂಬುದನ್ನು ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಮನೆಯವರೆಲ್ಲ ಕೂತು ನೋಡಿ. ಹಿರಿಯರು ವಿಮಾನ ಹತ್ತುವ ಮೊದಲೇ ಅವರೊಡನೆ ಮಾತಾಡಿದರಂತೂ ಇನ್ನೂ ಒಳ್ಳೆಯದು.