ಹೆಗ್ಗಡೆ, ಹೆಗ್ಡೆ, ಹೆಗಡೆ: ಒಂದು ಅಡ್ಡಹೆಸರು, ಹಲವು ಮನೆಗಳು

ನಮ್ಮ ಭಾಗದ ಜೈನ ಮನೆಗಳ ವಿಳಾಸ ಪುಸ್ತಕ ಮಾಡುವ ಕೆಲಸಕ್ಕೆ ನಾನೂ ಒಬ್ಬ ಸ್ವಯಂಸೇವಕ. ಹಗಲು ಅಂಗಡಿ, ರಾತ್ರಿ ಊಟದ ಮೇಲೆ ಅರ್ಜಿಗಳ ಕಟ್ಟು. ಮೊದಲ ಮುದ್ರಣದ ಹೊತ್ತಿಗೆ ನನ್ನಿಂದ ಒಂದು ತಪ್ಪಾಯಿತು. ಹೊಸನಗರ ಕಡೆಯ ಒಂದು ಮನೆಯ ಅರ್ಜಿಯಲ್ಲಿ ಎಲ್ಲರ ಹೆಸರಿನ ಮುಂದೆ ಹೆಗ್ಡೆ ಎಂದಿತ್ತು. ಆ ಕಡೆಯ ಹೆಗ್ಡೆಗಳು ಒಕ್ಕಲಿಗರು, ಅರ್ಜಿ ಯಾರೋ ತಪ್ಪಿ ಕಳಿಸಿದ್ದಾರೆ ಎಂದು ನಾನೇ ತೀರ್ಮಾನ ಮಾಡಿ ಬದಿಗಿಟ್ಟೆ. ಒಂದು ಫೋನು ಮಾಡಿ ಕೇಳಬಹುದಿತ್ತು, ಕೇಳಲಿಲ್ಲ. ಪುಸ್ತಕ ಬಂದ ಮೇಲೆ ಆ ಮನೆಯ ಹಿರಿಯಮ್ಮನವರೇ ಫೋನು ಮಾಡಿದರು. "ಏನಪ್ಪಾ, ದಶಲಕ್ಷಣ ಪರ್ವಕ್ಕೆ ಹತ್ತು ದಿನವೂ ಒಪ್ಪೊತ್ತು ಮಾಡೋ ಮನೆ ನಮ್ದು. ನಾವು ಯಾರು ಅಂತ ನೀವು ಹೇಳ್ಬೇಕಾ?" ಅಂದರು. ಕ್ಷಮೆ ಕೇಳಿದೆ. ಆದರೆ ಅಚ್ಚಾದದ್ದು ಅಚ್ಚಾಗಿತ್ತು.

ಆಮೇಲೆ ಈ ಹೆಸರಿನ ಬೆನ್ನು ಹತ್ತಿ ಓದಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಇದು ಜಾತಿಯ ಹೆಸರಲ್ಲ, ಹುದ್ದೆಯ ಹೆಸರು. ಹಳಗನ್ನಡದಲ್ಲಿ ಪೆರ್ಗಡೆ. ಹಾಲು ಹಿಂದೆ ಪಾಲು ಆಗಿತ್ತು, ಹುಲಿ ಪುಲಿ ಆಗಿತ್ತು. ಹಾಗೆಯೇ ಪಕಾರ ಹಕಾರವಾಗಿ ಪೆರ್ಗಡೆ ಹೆಗ್ಗಡೆಯಾಯಿತು. ಮೊದಲ ಅಕ್ಷರದಲ್ಲಿರುವುದು ಹಿರಿದು, ದೊಡ್ಡದು ಎಂಬ ಅರ್ಥ. ಹೆದ್ದಾರಿ, ಹೆಮ್ಮರ, ಹೆಗ್ಗುರುತು ಇವುಗಳಲ್ಲಿ ಇರುವುದೂ ಅದೇ. (ಹೆಗ್ಗಣದಲ್ಲಿಯೂ ಅದೇ ಎಂದು ಅಂಗಡಿಗೆ ಬರುವ ಹೆಗ್ಡೆ ಸ್ನೇಹಿತರೊಬ್ಬರಿಗೆ ಹೇಳಿ ಬೈಸಿಕೊಂಡೆ.) ಚಾಲುಕ್ಯರ, ಹೊಯ್ಸಳರ ಕಾಲದ ಶಾಸನಗಳಲ್ಲಿ ಪೆರ್ಗಡೆಗಳು ಮತ್ತೆ ಮತ್ತೆ ಬರುತ್ತಾರೆ. ಅರಮನೆಯ ವ್ಯವಹಾರ ನೋಡುವವನು ಮನೆವೆರ್ಗಡೆ. ಸುಂಕ ವಸೂಲಿಗೂ ಹೆಗ್ಗಡೆಗಳಿದ್ದರು. ಮುಂದೆ ಊರಿನ ಯಜಮಾನನಿಗೂ ಅದೇ ಹೆಸರು ಬಂತು, ಅವನ ಹೆಂಡತಿ ಹೆಗ್ಗಡಿತಿ. ಯಾವ ಊರಿನಲ್ಲಿ ಯಾವ ಜನ ಮುಂದಾಳುಗಳೋ ಆ ಜನರಲ್ಲಿ ಹೆಸರು ಉಳಿಯಿತು. ಜೈನರು, ಬಂಟರು, ಹವ್ಯಕರು, ಮಲೆನಾಡಿನ ಒಕ್ಕಲಿಗರು ಎಲ್ಲರಲ್ಲೂ ಇದು ಇರುವುದಕ್ಕೆ ಕಾರಣ ಇಷ್ಟೇ. ಕೊಡಗಿನಲ್ಲಂತೂ ಹೆಗ್ಗಡೆ ಎಂಬ ಹೆಸರಿನ ಒಂದು ಸಮುದಾಯವೇ ಇದೆ.

ಭಂಡಾರಿ ಎಂಬ ಹೆಸರಿನ ಕತೆಯೂ ಇಂಥದ್ದೇ. ಶ್ರವಣಬೆಳಗೊಳದ ಭಂಡಾರಿ ಬಸದಿಯನ್ನು 1159ರಲ್ಲಿ ಕಟ್ಟಿಸಿದ ಹುಳ್ಳ, ಹೊಯ್ಸಳ ನರಸಿಂಹನ ಬೊಕ್ಕಸ ನೋಡುತ್ತಿದ್ದವನು. ಬಸದಿಗೆ ಅವನ ಹುದ್ದೆಯ ಹೆಸರೇ ನಿಂತಿತು. ಇವತ್ತು ಭಂಡಾರಿಗಳು ಬಂಟರಲ್ಲೂ ಇದ್ದಾರೆ, ರಾಜಸ್ಥಾನದ ಓಸವಾಲ ಜೈನರಲ್ಲೂ ಇದ್ದಾರೆ.

ನಮ್ಮವರಿಗೆ ಹೆಗ್ಗಡೆ ಎಂದ ಕೂಡಲೇ ನೆನಪಾಗುವುದು ಧರ್ಮಸ್ಥಳ. ಹಿಂದೆ ಆ ಊರು ಕುಡುಮ. ಸುಮಾರು 800 ವರ್ಷಗಳ ಹಿಂದೆ ಅಲ್ಲಿಯ ನೆಲ್ಯಾಡಿ ಬೀಡಿನಲ್ಲಿ ಬಿರ್ಮಣ್ಣ ಪೆರ್ಗಡೆ, ಅಮ್ಮು ಬಲ್ಲಾಳ್ತಿ ಎಂಬ ಜೈನ ದಂಪತಿ ಇದ್ದರು, ಅತಿಥಿಗಳಾಗಿ ಬಂದ ಧರ್ಮದೈವಗಳಿಗೆ ತಮ್ಮ ಮನೆಯನ್ನೇ ಬಿಟ್ಟುಕೊಟ್ಟರು ಎಂಬುದು ಕ್ಷೇತ್ರದ ಐತಿಹ್ಯ. ಕದ್ರಿಯಿಂದ ಮಂಜುನಾಥ ಸ್ವಾಮಿಯ ಲಿಂಗ ತಂದವನು ಅಣ್ಣಪ್ಪ. 16ನೇ ಶತಮಾನದಲ್ಲಿ ಸೋದೆಯ ವಾದಿರಾಜ ಸ್ವಾಮಿಗಳು ಬಂದ ಮೇಲೆ ಧರ್ಮಸ್ಥಳ ಎಂಬ ಹೆಸರಾಯಿತು. ದೇವರು ಶಿವ, ಅರ್ಚಕರು ಮಾಧ್ವರು, ಆಡಳಿತ ಜೈನ ಮನೆತನದ್ದು. ಹೊರರಾಜ್ಯದ ಜೈನ ಯಾತ್ರಿಕರನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಇದನ್ನು ಬಿಡಿಸಿ ಹೇಳಬೇಕಾಗುತ್ತದೆ.

ನಾನು ಬಹಳ ತಡವಾಗಿ ಗಮನಿಸಿದ ಸಂಗತಿ ಒಂದಿದೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ತಮ್ಮಂದಿರ ಹೆಸರು ನೋಡಿ: ಡಿ. ಸುರೇಂದ್ರ ಕುಮಾರ್, ಡಿ. ಹರ್ಷೇಂದ್ರ ಕುಮಾರ್. ಅಲ್ಲಿ ಹೆಗ್ಗಡೆ ಇಲ್ಲ! ಒಂದೇ ತಂದೆ ತಾಯಿಯ ಮಕ್ಕಳು, ಒಬ್ಬರಿಗೆ ಮಾತ್ರ ಹೆಗ್ಗಡೆ. ಆ ಬೀಡಿನಲ್ಲಿ ಅದು ಇಂದಿಗೂ ಪಟ್ಟದ ಜೊತೆಗೆ ಬರುವ ಹೆಸರು. 1968ರ ಅಕ್ಟೋಬರ್ 24ರಂದು ಇಪ್ಪತ್ತನೇ ವಯಸ್ಸಿಗೆ ಕಾಲಿಡುವ ಮೊದಲೇ ಅವರು 21ನೇ ಧರ್ಮಾಧಿಕಾರಿಯಾಗಿ ಪಟ್ಟಕ್ಕೆ ಬಂದರು. ಅವರಿಗೆ ಮುಂಚೆ ತಂದೆ ರತ್ನವರ್ಮ ಹೆಗ್ಗಡೆ, ಅದಕ್ಕೂ ಮುಂಚೆ ಸರ್ವಧರ್ಮ ಸಮ್ಮೇಳನಕ್ಕೆ ಹೆಸರಾದ ಮಂಜಯ್ಯ ಹೆಗ್ಗಡೆ. ರತ್ನವರ್ಮರ ಸಂಕಲ್ಪದ ಬಾಹುಬಲಿಯನ್ನು ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕಡೆದರು. 39 ಅಡಿಯ ಆ ಮೂರ್ತಿಗೆ 1982ರಲ್ಲಿ ಪ್ರತಿಷ್ಠೆಯಾಯಿತು. ಮೂರ್ತಿಯನ್ನು ಕಾರ್ಕಳದಿಂದ ಧರ್ಮಸ್ಥಳಕ್ಕೆ ಸಾಗಿಸಿದ್ದು 1973ರಲ್ಲಿ. ಅದನ್ನು ರಸ್ತೆ ಬದಿಯಲ್ಲಿ ನಿಂತು ನೋಡಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಹೆಗ್ಗಡೆಯವರಿಗೆ 2015ರಲ್ಲಿ ಪದ್ಮವಿಭೂಷಣ ಬಂದದ್ದು, 2022ರಲ್ಲಿ ರಾಜ್ಯಸಭೆಗೆ ನಾಮಕರಣವಾದದ್ದು ಎಲ್ಲರಿಗೂ ಗೊತ್ತಿದೆ.

ಇನ್ನು ಬಂಟರ ಹೆಗ್ಡೆಗಳು. ಕಾರ್ಕಳ ತಾಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆಯವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದರು. 1973ರಲ್ಲಿ ಕೇಶವಾನಂದ ಭಾರತಿ ಪ್ರಕರಣದ ತೀರ್ಪಿನ ಬೆನ್ನಿಗೇ ಹಿರಿತನ ಮೀರಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟು ಬಂದರು, 1977ರಲ್ಲಿ ಲೋಕಸಭೆಗೆ ಗೆದ್ದು ಅಲ್ಲಿಯ ಸ್ಪೀಕರ್ ಆದರು. ಅವರ ಮಗ ಎನ್. ಸಂತೋಷ್ ಹೆಗ್ಡೆ ಅದೇ ಸುಪ್ರೀಂ ಕೋರ್ಟಿನಲ್ಲಿ ಕೂತವರು, 2006ರಿಂದ 2011ರವರೆಗೆ ಲೋಕಾಯುಕ್ತರು. ಅಪ್ಪನ ಹೆಸರಿನ ಮೊದಲಿಗೆ ಕೌಡೂರಿನ ಕೆ, ಮಗನದಕ್ಕೆ ನಿಟ್ಟೆಯ ಎನ್. ನಮ್ಮ ಕಡೆ ಅಡ್ಡಹೆಸರು ಹೇಳದ್ದನ್ನು ಈ ಮೊದಲಿನ ಅಕ್ಷರ ಹೇಳುತ್ತದೆ. ಅಳಿಯಸಂತಾನದ ಕಟ್ಟಿನಲ್ಲಿ ಮಕ್ಕಳು ತಾಯಿಮನೆಗೆ ಸೇರಿದವರು. ಅಪ್ಪ ಶೆಟ್ಟಿ, ಮಗ ಹೆಗ್ಡೆ ಎಂದರೆ ಹೊರಗಿನವರಿಗೆ ಗಾಬರಿ, ನಮಗೆ ಸಹಜ. ತುಳುನಾಡಿನ ಜೈನರಲ್ಲೂ ಈ ಕಟ್ಟು ನಡೆದು ಬಂದದ್ದರಿಂದ ಹಳೆಯ ದಾಖಲೆ ಹುಡುಕುವಾಗ ಅಪ್ಪನ ಕಡೆ ಮಾತ್ರ ನೋಡಿದರೆ ದಾರಿ ತಪ್ಪುತ್ತದೆ. ಸಿನಿಮಾದ ಪೂಜಾ ಹೆಗ್ಡೆ ಮುಂಬಯಿಯಲ್ಲಿ ಬೆಳೆದರೂ ಮೂಲ ಈ ತುಳುನಾಡೇ.

ಘಟ್ಟ ಹತ್ತಿದರೆ ಒಕ್ಕಲಿಗ ಹೆಗ್ಗಡೆಗಳು. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' 1936ರಲ್ಲಿ ಬಂದ ಕಾದಂಬರಿ, ಮಲೆನಾಡಿನ ಅಂಥ ಮನೆತನದ್ದೇ ಕತೆ. ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆಯ ವಿ.ಜಿ. ಸಿದ್ಧಾರ್ಥ ಹೆಗ್ಡೆ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ವ್ಯಾಪಾರಿಯಾಗಿ ನನಗೆ ಅವರ ಬಗ್ಗೆ ಇನ್ನೂ ಬರೆಯುವ ಆಸೆ ಇದೆ, ಆದರೆ ಇಲ್ಲಿ ಬೇಡ.

ಉತ್ತರ ಕನ್ನಡದ ಹವ್ಯಕರು ಬರೆಯುವುದು ಹೆಗಡೆ ಎಂದು. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಯಕ್ಷಗಾನದಲ್ಲಿ ಕೆರೆಮನೆ ಶಿವರಾಮ ಹೆಗಡೆ, ಶಂಭು ಹೆಗಡೆ, ಚಿಟ್ಟಾಣಿ ರಾಮಚಂದ್ರ ಹೆಗಡೆ. ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇಂದಿಗೂ ಕುಣಿಯುತ್ತಿದೆ.

ಊರುಗಳಲ್ಲೂ ಈ ಹೆಸರಿದೆ. ಕುಮಟಾ ತಾಲೂಕಿನಲ್ಲಿ ಹೆಗಡೆ ಎಂಬ ಊರೇ ಇದೆ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ಎಂದರೆ ಹೆಗ್ಗಡದೇವನಕೋಟೆ. ಎರಡು ಇಂಗ್ಲಿಷ್ ಅಕ್ಷರದ ಹಿಂದೆ ಒಬ್ಬ ಹೆಗ್ಗಡೆ ಅಡಗಿ ಕೂತಿದ್ದಾನೆ. ಆದರೆ ಸಾಗರದ ಹೆಗ್ಗೋಡನ್ನು ಈ ಪಟ್ಟಿಗೆ ಸೇರಿಸಬೇಡಿ, ಅಲ್ಲಿ ಹಿರಿದು ಇದೆ, ಹೆಗ್ಗಡೆ ಇಲ್ಲ.

ಗಮನಿಸಿದಿರಾ? ಕನ್ನಡದಲ್ಲಿ ಬರೆದರೆ ಅರ್ಧ ಗುರುತು ತಾನಾಗಿ ಸಿಗುತ್ತದೆ. ಧರ್ಮಸ್ಥಳದ್ದು ಹೆಗ್ಗಡೆ, ಕರಾವಳಿಯದು ಹೆಗ್ಡೆ, ಶಿರಸಿ ಸಿದ್ದಾಪುರದ್ದು ಹೆಗಡೆ. ಪಾಸ್‌ಪೋರ್ಟ್, ಆಧಾರ್‌ಗಳ ಇಂಗ್ಲಿಷಿನಲ್ಲಿ ಹೆಚ್ಚು ಕಡಿಮೆ ಎಲ್ಲವೂ ಒಂದೇ ಆಗಿಬಿಡುತ್ತದೆ. ಕನ್ನಡದ ಬರಹವೂ ಪೂರ್ತಿ ಭರವಸೆಯದಲ್ಲ. ನಾನು ಬದಿಗಿಟ್ಟ ಅರ್ಜಿ ಕನ್ನಡದಲ್ಲೇ ಇತ್ತು.

ಇದರಿಂದ ತೊಂದರೆ ನನ್ನ ವಿಳಾಸ ಪುಸ್ತಕಕ್ಕೆ ಮಾತ್ರ ಅಲ್ಲ. 2014ರ ಜನವರಿಯಲ್ಲಿ ಕೇಂದ್ರ ಸರಕಾರ ಜೈನರನ್ನು ಅಲ್ಪಸಂಖ್ಯಾತರೆಂದು ಘೋಷಿಸಿದ ಮೇಲೆ ಮಕ್ಕಳ ವಿದ್ಯಾರ್ಥಿವೇತನಕ್ಕೆ ಪ್ರಮಾಣಪತ್ರ ಬೇಕಾಗುತ್ತದೆ. ನಮ್ಮ ಪರಿಚಯದ ಹುಡುಗಿಯೊಬ್ಬಳಿಗೆ ಕಚೇರಿಯೊಂದರಲ್ಲಿ "ಹೆಗ್ಡೆ ಅಂದ್ರೆ ಬಂಟರಲ್ವಾ?" ಎಂದು ಮೂರು ಸಲ ತಿರುಗಿಸಿದರು. ಶಾಲೆಯ ದಾಖಲೆಯಲ್ಲಿ ಜೈನ ಎಂದು ಸ್ಪಷ್ಟವಾಗಿ ಇದ್ದದ್ದರಿಂದ ಕಡೆಗೆ ಕೆಲಸವಾಯಿತು. ಇಂಥದ್ದನ್ನು ಕಂಡು ಬಹಳ ಮಂದಿ ಹೆಗ್ಡೆ, ಬಲ್ಲಾಳ, ಅಜಿಲ, ಚೌಟ, ಪಡಿವಾಳ, ಆರಿಗ ಎಲ್ಲವನ್ನೂ ತೆಗೆದು ಮಕ್ಕಳಿಗೆ ಬರೀ ಜೈನ್ ಎಂದು ಬರೆಸುತ್ತಿದ್ದಾರೆ. 2011ರ ಗಣತಿಯಲ್ಲಿ ದೇಶದಲ್ಲಿ ನಾವು 44.5 ಲಕ್ಷ ಮಾತ್ರ, ಆದ್ದರಿಂದ ಎಲ್ಲರೂ ಜೈನ್ ಎಂದೇ ಬರೆಸಿ ಎಂದು ಸಭೆಗಳಲ್ಲಿ ಹೇಳುವುದೂ ಇದೆ. ಗಣತಿಯವರು ಲೆಕ್ಕ ಹಿಡಿಯುವುದು ಧರ್ಮದ ಅಂಕಣದಿಂದ, ಹೆಸರಿನಿಂದ ಅಲ್ಲ. ಅಲ್ಲಿ ಜೈನ ಎಂದು ಬರೆಸಿದರೆ ಸಾಕು, ಅದನ್ನು ತಪ್ಪಿಸಲೇಬಾರದು. ಹೆಸರಿನಲ್ಲಿ ಹೆಗ್ಡೆ ಇದ್ದರೆ ಇರಲಿ ಎಂಬುದು ನನ್ನ ಅಭಿಪ್ರಾಯ. ಬೇರೆಯವರು ಬೇರೆ ರೀತಿ ಯೋಚಿಸಬಹುದು. ನನ್ನ ಮಗನೇ ಒಪ್ಪುವುದಿಲ್ಲ, ಮೊಮ್ಮಗಳಿಗೆ ಜೈನ್ ಎಂದೇ ಬರೆಸಿದ್ದಾನೆ.

ಎರಡನೇ ಮುದ್ರಣದ ಅರ್ಜಿಯಲ್ಲಿ ಈಗ ಮೂರು ಅಂಕಣ ಹೆಚ್ಚು ಸೇರಿಸಿದ್ದೇವೆ: ಮೂಲ ಮನೆ ಅಥವಾ ಬೀಡಿನ ಹೆಸರು, ತಾಯಿಮನೆ, ಮನೆಯವರು ನಡೆದುಕೊಳ್ಳುವ ಬಸದಿ. ಅಡ್ಡಹೆಸರನ್ನು ಮನೆಯವರು ಕನ್ನಡದಲ್ಲಿ ಹೇಗೆ ಬರೆಯುತ್ತಾರೋ ಹಾಗೆಯೇ ಅಚ್ಚು ಮಾಡುತ್ತೇವೆ. ಹೊಸನಗರದ ಆ ಮನೆಯ ಅರ್ಜಿ ಈ ಸಲ ಮೊದಲೇ ಬಂದಿದೆ. ಹಿರಿಯಮ್ಮನವರು ಮೂರೂ ಅಂಕಣ ತುಂಬಿ, ಕೆಳಗೆ ಅರ್ಜಿಯಲ್ಲಿ ಕೇಳದ ಅಜ್ಜಿಯ ತವರುಮನೆಯನ್ನೂ ಬರೆದು ಕಳಿಸಿದ್ದಾರೆ.