ಹಿಮದ ಮೇಲೆ ಜಾರುವ ಹಲಗೆ, ಕಾಲು ಉಳಿಸುವ ಕೊಂಡಿ

ಅದು 1937ನೇ ಇಸವಿ. ಅಮೆರಿಕದ ಆರಿಗನ್ ರಾಜ್ಯದ ಮೌಂಟ್ ಹುಡ್ ಪರ್ವತದ ಇಳಿಜಾರಿನಲ್ಲಿ ಯಾಲ್ಮಾರ್ ಹ್ವಾಮ್ ಎಂಬ ಸ್ಕೀ ಪಟು ಬಿದ್ದು ಕಾಲು ಮುರಿದುಕೊಂಡರು. ನಾರ್ವೆಯಲ್ಲಿ ಹುಟ್ಟಿ ಪೋರ್ಟ್‌ಲೆಂಡಿನಲ್ಲಿ ನೆಲೆಸಿದ್ದ ಹ್ವಾಮ್ ಅನನುಭವಿಯೇನಲ್ಲ. ಅನೇಕ ಪಂದ್ಯಗಳನ್ನು ಗೆದ್ದವರು. ಆದರೆ ಆ ಕಾಲದಲ್ಲಿ ಬೂಟನ್ನು ಸ್ಕೀ ಹಲಗೆಗೆ ಪಟ್ಟಿಗಳಿಂದ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದರು. ಬಿದ್ದಾಗ ಹಲಗೆ ಒಂದು ಕಡೆ ತಿರುಗಿದರೆ ಕಾಲೂ ಅದರೊಡನೆ ತಿರುಗಲೇಬೇಕಿತ್ತು. ಆಸ್ಪತ್ರೆಯ ಹಾಸಿಗೆಯ ಮೇಲೆಯೇ ಹ್ವಾಮ್ ಕಾಗದ, ಪೆನ್ಸಿಲ್ ಹಿಡಿದು ಒಂದು ಚಿತ್ರ ಬರೆದರು. ಬೂಟನ್ನು ಹಿಡಿದುಕೊಂಡಿದ್ದು, ಅಪಾಯದ ಹೊತ್ತಿನಲ್ಲಿ ತಾನಾಗಿಯೇ ಬಿಟ್ಟುಬಿಡುವ ಕೊಂಡಿಯ ಚಿತ್ರ ಅದು. 1939ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸುರಕ್ಷಿತ ಬೈಂಡಿಂಗ್‌ಗಳ ಪೂರ್ವಜ ಆ ಕೊಂಡಿ.

ಹಿಮವನ್ನೇ ಕಾಣದ ನಾಡಿನ ಓದುಗರಿಗೆ ಇದೆಲ್ಲ ಏಕೆ ಎನ್ನಿಸಬಹುದು. ಆದರೆ ಕಾಲ ಬದಲಾಗಿದೆ. ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಮನಾಲಿ ಬಳಿಯ ಸೋಲಂಗ್ ಕಣಿವೆಗಳಿಗೆ ಚಳಿಗಾಲದಲ್ಲಿ ಸ್ಕೀ ಕಲಿಯಲು ದಕ್ಷಿಣದ ವಿದ್ಯಾರ್ಥಿಗಳೂ ಹೋಗುತ್ತಿದ್ದಾರೆ. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಪದಕ ಗೆದ್ದ ಭವಾನಿ ನಮ್ಮ ಕೊಡಗಿನವರು. ಶಿಬಿರ ಮುಗಿಸಿ ಬಂದ ಮಗ ಅಥವಾ ಮಗಳು 'ನನಗೊಂದು ಸ್ವಂತ ಸ್ಕೀ ಬೇಕು' ಎಂದರೆ ತಂದೆತಾಯಿ ಏನು ನೋಡಿ ಕೊಡಿಸಬೇಕು? ಅಂಗಡಿಯ ಬಣ್ಣದ ಹಲಗೆಗಳಿಗಿಂತ ಇಲ್ಲಿ ನೆರವಾಗುವುದು ಹೈಸ್ಕೂಲಿನ ಭೌತಶಾಸ್ತ್ರ!

ಎಲ್ಲ ಹಿಮವೂ ಒಂದೇ ಅಲ್ಲ

ಮೊದಲಿಗೆ ಎರಡು ಪದಗಳನ್ನು ತಿಳಿಯೋಣ. ಯಂತ್ರ ಹಾಯಿಸಿ ಸಮ ಮಾಡಿದ ದಾರಿಯನ್ನು ಬಿಟ್ಟು, ಬಿದ್ದಂತೆಯೇ ಇರುವ ಹಿಮದಲ್ಲಿ ಇಳಿಯುವುದು 'ಫ್ರೀರೈಡ್'. ಸಮ ಮಾಡಿದ ದಾರಿ, ಹೊಸ ಹಿಮ, ಗಟ್ಟಿಯಾದ ಹಳೆಯ ಹಿಮ, ಮರಗಳ ಸಂದು ಎಲ್ಲವನ್ನೂ ಒಂದೇ ದಿನ ಒಂದೇ ಜೋಡಿ ಸ್ಕೀಯಲ್ಲಿ ಸುತ್ತುವುದು 'ಆಲ್ ಮೌಂಟನ್'. ಗುಲ್ಮಾರ್ಗ್‌ನ ರೋಪ್‌ವೇಯ ಮೊದಲ ಹಂತ 1998ರಲ್ಲಿಯೂ ಅಫರ್‌ವತ್ ಬೆಟ್ಟಕ್ಕೆ ಏರುವ ಎರಡನೆಯ ಹಂತ 2005ರಲ್ಲಿಯೂ ಆರಂಭವಾದವು. ಎರಡನೆಯ ಹಂತದ ತುದಿ ಸುಮಾರು 3,900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ಕೆಳಗಿಳಿಯುವ ದಾರಿಯ ಬಹುಭಾಗ ಯಂತ್ರ ಮುಟ್ಟದ ಹಿಮ. ಬೆಳಿಗ್ಗೆ ಹತ್ತಿಯಂತಿದ್ದುದು ಗಾಳಿ ಬೀಸಿದ ಮೇಲೆ ಹಪ್ಪಳದಂತಾಗುತ್ತದೆ. ಆದ್ದರಿಂದಲೇ ಆಯ್ಕೆ ಕಷ್ಟ.

ಅಗಲದ ಲೆಕ್ಕ

ಕೆಸರುಗದ್ದೆಯಲ್ಲಿ ಕಾಲು ಹೂತಾಗ ನಮ್ಮ ರೈತರು ಏನು ಮಾಡುತ್ತಾರೆ? ಹಲಗೆ ಹಾಕಿ ಅದರ ಮೇಲೆ ನಡೆಯುತ್ತಾರೆ. ಭಾರ ಅಷ್ಟೇ, ಆದರೆ ಅದು ಹರಡಿಕೊಳ್ಳುವ ವಿಸ್ತೀರ್ಣ ಹೆಚ್ಚು. ಹಾಗಾಗಿ ಒತ್ತಡ ಕಡಿಮೆ. ಸ್ಕೀಯ ತತ್ವವೂ ಇದೇ.

70 ಕಿಲೋ ತೂಕದ ಒಬ್ಬ ವ್ಯಕ್ತಿಯನ್ನು ತೆಗೆದುಕೊಳ್ಳಿ. ಅವನ ಎರಡು ಬೂಟುಗಳ ತಳ ಸುಮಾರು 600 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 117 ಗ್ರಾಂ ಭಾರ ಬೀಳುತ್ತದೆ. ಅವನೇ 180 ಸೆಂ.ಮೀ. ಉದ್ದ, ಸರಾಸರಿ 10 ಸೆಂ.ಮೀ. ಅಗಲದ ಎರಡು ಸ್ಕೀಗಳ ಮೇಲೆ ನಿಂತರೆ ವಿಸ್ತೀರ್ಣ 3,600 ಚದರ ಸೆಂಟಿಮೀಟರ್. ಭಾರ 20 ಗ್ರಾಂಗಿಂತ ಕಡಿಮೆ! ಸೊಂಟದವರೆಗೆ ಹೂತುಹೋಗಬೇಕಾದವನು ತೇಲುತ್ತಾನೆ.

ಹಾಗಿದ್ದರೆ ಅಗಲ ಹೆಚ್ಚಿದಷ್ಟೂ ಒಳ್ಳೆಯದಲ್ಲವೇ? ಬಹುಕಾಲ ಸ್ಕೀಗಳ ನಡು ಸುಮಾರು 65-70 ಮಿ.ಮೀ. ಮಾತ್ರ ಇರುತ್ತಿತ್ತು. 1980ರ ದಶಕದ ಕೊನೆಯಲ್ಲಿ ಆಸ್ಟ್ರಿಯದ ಅಟಾಮಿಕ್ ಸಂಸ್ಥೆ ದಪ್ಪನೆಯ 'ಪೌಡರ್ ಪ್ಲಸ್' ಹೊರತಂದಾಗ ಪಳಗಿದವರು ನಕ್ಕಿದ್ದುಂಟು. ಹೊಸ ಹಿಮದಲ್ಲಿ ಅದರ ಗುಣ ಕಂಡ ಮೇಲೆ ನಗು ನಿಂತಿತು. ಆದರೆ ಗಟ್ಟಿ ಹಿಮದಲ್ಲಿ ಕಥೆಯೇ ಬೇರೆ. ಅಲ್ಲಿ ಸ್ಕೀಯ ತಳವಲ್ಲ, ಅಂಚಿನ ಉಕ್ಕಿನ ಪಟ್ಟಿ ಕೆಲಸ ಮಾಡುತ್ತದೆ. ಸ್ಕೀಯನ್ನು ಓರೆಯಾಗಿಸಿ ಅಂಚನ್ನು ಹಿಮಕ್ಕೆ ಊರಬೇಕು. ನಡು 70 ಮಿ.ಮೀ. ಇದ್ದರೆ ಕಾಲಿನ ಮಧ್ಯದಿಂದ ಅಂಚಿಗೆ 35 ಮಿ.ಮೀ. ದೂರ, 110 ಮಿ.ಮೀ. ಇದ್ದರೆ 55 ಮಿ.ಮೀ. ಸನ್ನೆಯ ತೋಳು ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು. ಅಷ್ಟೂ ಹೊರೆ ಪಾದದ ಕೀಲು ಮತ್ತು ಮಂಡಿಯ ಮೇಲೆ. ಆದ್ದರಿಂದ ಹೆಚ್ಚಾಗಿ ಸಮ ದಾರಿಯಲ್ಲೇ ಇರುವವರಿಗೆ 80-90 ಮಿ.ಮೀ., ಎಲ್ಲ ಬಗೆಯ ಹಿಮಕ್ಕೂ 95-105, ಹೊಸ ಹಿಮವನ್ನೇ ಅರಸಿ ಹೋಗುವವರಿಗೆ 110ರ ಮೇಲೆ ಎಂಬುದು ಒಂದು ಸ್ಥೂಲ ಅಂದಾಜು. ಒಂದೇ ಜೋಡಿ ಕೊಳ್ಳುವುದಾದರೆ ಮಧ್ಯದ ದಾರಿ ಲೇಸು.

ಅಂದ ಹಾಗೆ, ಭವಾನಿಯವರು ಬಳಸುವ ಕ್ರಾಸ್ ಕಂಟ್ರಿ ಸ್ಕೀ ಇದಕ್ಕೆ ತದ್ವಿರುದ್ಧ. ಅಗಲ ಸುಮಾರು 45 ಮಿ.ಮೀ.; ಬೂಟಿನ ಮುಂಭಾಗ ಮಾತ್ರ ಅಂಟಿಕೊಂಡು ಹಿಮ್ಮಡಿ ಬಿಡುವಾಗಿರುತ್ತದೆ. ಕೆಲಸ ಬೇರೆ, ಉಪಕರಣವೂ ಬೇರೆ.

ಸಣ್ಣ ನಡು, ಬಾಗಿದ ಮೂತಿ

ಸ್ಕೀಯನ್ನು ಮೇಲಿನಿಂದ ನೋಡಿದರೆ ಡಮರುವಿನಂತೆ ನಡು ಸಣ್ಣಗೆ, ತುದಿಗಳು ಅಗಲ. ಅಂಚಿನ ಈ ಬಾಗು ಒಂದು ದೊಡ್ಡ ವೃತ್ತದ ತುಣುಕು. ಆ ವೃತ್ತದ ತ್ರಿಜ್ಯವನ್ನು ಸ್ಕೀಯ ಮೇಲೆಯೇ ಮೀಟರುಗಳಲ್ಲಿ ಬರೆದಿರುತ್ತಾರೆ. ಸ್ಕೀಯನ್ನು ಓರೆಯಾಗಿಸಿದಷ್ಟೂ ತಿರುವು ಕಿರಿದಾಗುತ್ತದೆ. 18 ಮೀಟರ್ ತ್ರಿಜ್ಯದ ಸ್ಕೀಯನ್ನು ಗಟ್ಟಿ ಹಿಮದಲ್ಲಿ 60 ಡಿಗ್ರಿ ವಾಲಿಸಿದರೆ ಸುಮಾರು 9 ಮೀಟರಿನ ತಿರುವು. ಹತ್ತನೇ ತರಗತಿಯವರು ಕೊಸೈನ್ ಕೋಷ್ಟಕ ತೆಗೆದು ನೋಡಬಹುದು. 1993ರ ಸುಮಾರಿಗೆ ಸ್ಲೊವೇನಿಯದ ಎಲಾನ್ ಸಂಸ್ಥೆ ನಡುವನ್ನು ಚೆನ್ನಾಗಿ ಕಿರಿದಾಗಿಸಿದ ಸ್ಕೀ ತಂದ ಮೇಲೆ ಕಲಿಯುವವರ ಕಷ್ಟ ಅರ್ಧ ಇಳಿಯಿತು. ಫ್ರೀರೈಡ್ ಸ್ಕೀಗಳಲ್ಲಿ ತ್ರಿಜ್ಯ ಕೊಂಚ ಹೆಚ್ಚು, 18-25 ಮೀಟರ್ ಇರುವುದು ವಾಡಿಕೆ. ಅಸಮ ಹಿಮದಲ್ಲಿ ಅಂಚು ತಾನಾಗಿ ಕಚ್ಚಿಕೊಂಡು ಎಳೆಯಬಾರದಲ್ಲ!

ಪಕ್ಕದಿಂದ ನೋಡಿದರೆ ಇನ್ನೊಂದು ಬಾಗು ಕಾಣುತ್ತದೆ. ನೆಲದ ಮೇಲಿಟ್ಟಾಗ ನಡು ಬಿಲ್ಲಿನಂತೆ ಮೇಲೆದ್ದಿದ್ದರೆ ಅದು 'ಕ್ಯಾಂಬರ್'. ಮೇಲೆ ನಿಂತಾಗ ಬಿಲ್ಲು ಚಪ್ಪಟೆಯಾಗಿ ಅಂಚಿನ ಉದ್ದಕ್ಕೂ ಭಾರ ಹಂಚಿಕೆಯಾಗುತ್ತದೆ. ಗಟ್ಟಿ ಹಿಮಕ್ಕೆ ಇದು ಉತ್ತಮ. ತುದಿಗಳು ದೋಣಿಯ ಮೂತಿಯಂತೆ ಬೇಗನೆ ಮೇಲೇಳುತ್ತಿದ್ದರೆ ಅದು 'ರಾಕರ್'. ಹೊಸ ಹಿಮದಲ್ಲಿ ಸ್ಕೀ ಮುಳುಗದೆ ಮೇಲೆ ಬರಲು ಇದು ಬೇಕು. ಹೊಸ ಹಿಮ ನೆಲಕ್ಕಿಂತ ನೀರಿಗೆ ಹತ್ತಿರ ಎಂದು ಬಲವಾಗಿ ವಾದಿಸಿದವರು ಶೇನ್ ಮೆಕಾಂಕಿ. ಅವರು ನೀರಿನ ಮೇಲೆ ಜಾರುವ ಸ್ಕೀಗೆ ಬೈಂಡಿಂಗ್ ಜೋಡಿಸಿ ಅಲಾಸ್ಕಾದ ಹಿಮದಲ್ಲಿ ಇಳಿದು ತೋರಿಸಿದರು. 2002ರಲ್ಲಿ ವೋಲಂಟ್ ಸಂಸ್ಥೆಯ 'ಸ್ಪ್ಯಾಚುಲಾ' ಅದೇ ವಿಚಾರದಿಂದ ಹುಟ್ಟಿತು. ಈಗಿನ ಆಲ್ ಮೌಂಟನ್ ಸ್ಕೀಗಳು ಇವೆರಡರ ರಾಜಿ: ಕಾಲ ಕೆಳಗೆ ಬಿಲ್ಲು, ತುದಿಯಲ್ಲಿ ದೋಣಿ.

ಉದ್ದ ಮತ್ತು ಗಡಸುತನದ ವಿಷಯದಲ್ಲಿ ಎತ್ತರಕ್ಕಿಂತ ತೂಕ ಮುಖ್ಯ. ಸಾಮಾನ್ಯವಾಗಿ ಕಲಿಯುವವರಿಗೆ ಗಲ್ಲದವರೆಗೆ, ಪಳಗಿದವರಿಗೆ ಹಣೆಯಿಂದ ತಲೆಯ ಮಟ್ಟಕ್ಕೆ ಬರುವ ಉದ್ದ ಸಾಕು. ಗಡಸು ಸ್ಕೀಗಳಲ್ಲಿ ಮರದ ತಿರುಳಿನ ಮೇಲೆ ಕೆಳಗೆ 'ಟೈಟನಾಲ್' ಹಾಳೆ ಇರುತ್ತದೆ. ಹೆಸರು ಕೇಳಿ ಟೈಟಾನಿಯಂ ಎಂದುಕೊಳ್ಳಬೇಡಿ. ಅದು ಅಲ್ಯೂಮಿನಿಯಂ ಮಿಶ್ರಲೋಹ. ವೇಗದಲ್ಲಿ ಅದುರುವಿಕೆಯನ್ನು ತಗ್ಗಿಸುತ್ತದೆ, ನಿಜ. ಆದರೆ 50 ಕಿಲೋ ತೂಕದ ಹುಡುಗನಿಗೆ ಆ ಹಲಗೆಯನ್ನು ಬಗ್ಗಿಸುವುದೇ ಆಗುವುದಿಲ್ಲ. ಬಗ್ಗದ ಸ್ಕೀ ತಿರುಗುವುದೂ ಇಲ್ಲ.

ಕಾಲಿನ ಫ್ಯೂಸು

ಸ್ಕೀ ತಪ್ಪಾದರೆ ಆಟ ಕೆಡುತ್ತದೆ. ಬೈಂಡಿಂಗ್ ತಪ್ಪಾದರೆ ಕಾಲು ಹೋಗುತ್ತದೆ. ಮನೆಯ ಫ್ಯೂಸಿನ ತಂತಿಯನ್ನು ನೆನಪಿಸಿಕೊಳ್ಳಿ. ವಿದ್ಯುತ್ ಮಿತಿಮೀರಿದಾಗ ಅದು ತಾನು ಕರಗಿ ಮನೆಯನ್ನು ಉಳಿಸುತ್ತದೆ. ಬೈಂಡಿಂಗ್ ಕಾಲಿನ ಫ್ಯೂಸು. ಮುಂಭಾಗದ ಕೊಂಡಿ, ಕಾಲು ತಿರುಚಿಕೊಂಡಾಗ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಹಿಮ್ಮಡಿಯ ಕೊಂಡಿ, ಮುಗ್ಗರಿಸಿದಾಗ ಮೇಲಕ್ಕೆ ಬಿಡುತ್ತದೆ. ಎಷ್ಟು ಬಲಕ್ಕೆ ಬಿಡಬೇಕೆಂಬುದನ್ನು ಒಳಗಿನ ಸ್ಪ್ರಿಂಗಿನ ಬಿಗಿತ ನಿರ್ಧರಿಸುತ್ತದೆ. ಆ ಬಿಗಿತವನ್ನು ತೋರಿಸುವ ಅಂಕೆಗೆ 'ಡಿನ್' ಎಂದು ಹೆಸರು. ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನ ಮೊದಲಕ್ಷರಗಳಿವು.

ಈ ಅಂಕೆ ಧೈರ್ಯದ ಅಳತೆಯಲ್ಲ. ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಸ್ಕೀ ಮಾಡುವ ರೀತಿ ಈ ಐದನ್ನು ಅಂತರರಾಷ್ಟ್ರೀಯ ಕೋಷ್ಟಕದಲ್ಲಿಟ್ಟು ಲೆಕ್ಕ ಹಾಕಬೇಕು. ತೂಕ ಮತ್ತು ಎತ್ತರ ಬೇರೆ ಬೇರೆ ಸಾಲು ತೋರಿಸಿದರೆ ಕಡಿಮೆಯದನ್ನೇ ಹಿಡಿಯಬೇಕು. ಹತ್ತರೊಳಗಿನ ಮಕ್ಕಳಿಗೂ ಐವತ್ತು ದಾಟಿದವರಿಗೂ ಇನ್ನೂ ಒಂದು ಸಾಲು ಇಳಿಸಬೇಕು. ಸಾಧಾರಣ ಮೈಕಟ್ಟಿನ ವಯಸ್ಕರಿಗೆ ಅದು ಸಾಮಾನ್ಯವಾಗಿ 5ರಿಂದ 8ರ ಆಸುಪಾಸಿನಲ್ಲಿ ಬರುತ್ತದೆ.

ಬೂಟು ಉದ್ದವಾದಷ್ಟೂ ಅಂಕೆ ಕಡಿಮೆ ಇರಬೇಕು ಎಂಬುದು ಅನೇಕರಿಗೆ ಅಚ್ಚರಿ. ಹಿಮ್ಮಡಿಯನ್ನು ಬಾಗಿಲಿನ ಕೀಲು, ಬೆರಳಿನ ತುದಿಯನ್ನು ಚಿಲಕ ಎಂದುಕೊಳ್ಳಿ. ಬಾಗಿಲು ಅಗಲವಾದಷ್ಟೂ ಅದೇ ಸ್ಪ್ರಿಂಗಿನ ಚಿಲಕ ಕೀಲಿನ ಮೇಲೆ ಹೆಚ್ಚು ತಿರುಚುವ ಬಲ ಹಾಕುತ್ತದೆ. ಕೀಲಿನ ಜಾಗದಲ್ಲಿರುವುದು ಮೊಣಕಾಲಿನ ಮೂಳೆ. ಆದ್ದರಿಂದ ಸ್ಪ್ರಿಂಗನ್ನು ಸಡಿಲಿಸಲೇಬೇಕು.

ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತುವವರಿದ್ದಾರೆ. ಸ್ಕೀ ಕಳಚುತ್ತದೆಂದು ಡಿನ್ ಏರಿಸುವುದೂ ಅಷ್ಟೇ ಅವಿವೇಕ. ಹಾಗೆಂದು ತೀರ ಸಡಿಲವೂ ಅಪಾಯವೇ. ಕಡಿದಾದ ಜಾಗದಲ್ಲಿ ಸ್ಕೀ ಸುಮ್ಮನೆ ಕಳಚಿದರೆ ಉರುಳಬೇಕಾಗುತ್ತದೆ. ನಮ್ಮ ಅಂಕೆ 6 ಆಗಿದ್ದರೆ 4ರಿಂದ 12ರವರೆಗೆ ಹೊಂದಿಸಬಹುದಾದ ಬೈಂಡಿಂಗ್ ಸಾಕು. 16ರವರೆಗಿನ ಭಾರಿ ಕೊಂಡಿ ಪಂದ್ಯದ ಪಟುಗಳಿಗೆ.

ಇನ್ನೊಂದು ಮಾತನ್ನು ಪೋಷಕರು ಮರೆಯಬಾರದು. ಒಳ್ಳೆಯ ಬೈಂಡಿಂಗ್‌ಗಳು ಬಂದ ಮೇಲೆ ಮೊಣಕಾಲಿನ ಮೂಳೆ ಮುರಿತ ಬಹಳ ಇಳಿದಿದೆ. ಆದರೆ ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವುದು ಹಾಗೆ ಇಳಿದಿಲ್ಲ. ಈ ಕೊಂಡಿಗಳನ್ನು ರೂಪಿಸಿದ್ದು ಮೂಳೆಗಾಗಿ. ಮಂಡಿಯನ್ನು ಕಾಯುವುದು ತೊಡೆಯ ಸ್ನಾಯುಗಳ ಬಲ ಮತ್ತು ಸರಿಯಾದ ಕಲಿಕೆ.

ಹತ್ತುವವರಿಗೆ ಬೇರೆ ಕೊಂಡಿ

ರೋಪ್‌ವೇ ಇಲ್ಲದ ಬೆಟ್ಟವನ್ನು ಸ್ಕೀ ಮೇಲೆಯೇ ಹತ್ತುವವರಿಗೆ ಹಿಮ್ಮಡಿ ಬಿಡುವಾಗಿರಬೇಕು. ಅವರಿಗಾಗಿ ಆಸ್ಟ್ರಿಯದ ಫ್ರಿಟ್ಸ್ ಬಾರ್ಥೆಲ್ 1980ರ ದಶಕದಲ್ಲಿ ಬೂಟಿನ ಮೂತಿಯನ್ನು ಎರಡು ಮೊಳೆಗಳು ಕಚ್ಚಿ ಹಿಡಿಯುವ ಹಗುರ ಕೊಂಡಿ ಕಂಡುಹಿಡಿದರು. ತೂಕ ಕಡಿಮೆ, ಆದರೆ ಬಿಡುವ ವಿಷಯದಲ್ಲಿ ಇಳಿಜಾರಿನ ಕೊಂಡಿಯಷ್ಟು ಭರವಸೆಯಿಲ್ಲ. 2018ರಲ್ಲಿ ಬಂದ ಸಾಲೊಮನ್ ಸಂಸ್ಥೆಯ 'ಶಿಫ್ಟ್' ಎರಡನ್ನೂ ಕೂಡಿಸಲು ಯತ್ನಿಸಿತು. ದಿನವಿಡೀ ರೋಪ್‌ವೇಯಲ್ಲಿ ಏರಿ ಇಳಿಯುವ ವಿದ್ಯಾರ್ಥಿಗೆ ಇವೆರಡೂ ಬೇಡ. ಗಟ್ಟಿಮುಟ್ಟಾದ ಸಾದಾ ಕೊಂಡಿಯೇ ಮೇಲು.

ಕೊಳ್ಳುವ ಮುನ್ನ

ಶಾಲೆಯ ಸಮವಸ್ತ್ರವನ್ನು 'ಮುಂದಿನ ವರ್ಷಕ್ಕೂ ಆಗಲಿ' ಎಂದು ಎರಡಳತೆ ದೊಡ್ಡದು ಹೊಲಿಸುವುದು ನಮ್ಮ ಮನೆಗಳ ರೂಢಿ. ಸ್ಕೀಯಲ್ಲಿ ಈ ಉಳಿತಾಯ ಸಲ್ಲದು. ದೊಡ್ಡ ಬೂಟಿನಲ್ಲಿ ಕಾಲು ಅಲುಗಿದರೆ ಬೈಂಡಿಂಗಿನ ಲೆಕ್ಕವೆಲ್ಲ ತಪ್ಪಿಹೋಗುತ್ತದೆ. ಬೆಳೆಯುವ ಮಕ್ಕಳಿಗೆ ಸ್ಕೀಯನ್ನು ಬಾಡಿಗೆಗೆ ಪಡೆಯುವುದೇ ಜಾಣತನ. ಹಣವಿದ್ದರೆ ಮೊದಲು ಕೊಳ್ಳಬೇಕಾದ್ದು ಕಾಲಿಗೆ ಸರಿಹೊಂದುವ ಬೂಟು. ಬೂಟಿನ ತಳದಲ್ಲೂ ಹಲವು ಬಗೆಗಳಿವೆ. ಆ ತಳಕ್ಕೆ ಒಪ್ಪುವ ಬೈಂಡಿಂಗ್ ಹೌದೇ ಎಂದು ಕೇಳಿ ತಿಳಿಯಬೇಕು. ಕಳಚಿದ ಸ್ಕೀ ಓಡಿಹೋಗದಂತೆ ತಡೆಯುವ ಬ್ರೇಕಿನ ಕಡ್ಡಿಗಳು ಸ್ಕೀಯ ನಡುವಿಗಿಂತ ತುಸು ಅಗಲವಾಗಿರಬೇಕು. ಕೊಂಡಿ ಜೋಡಿಸುವ, ಬಿಗಿತ ಹೊಂದಿಸುವ ಕೆಲಸ ಬಲ್ಲ ತಂತ್ರಜ್ಞನದು, ಮನೆಯ ಸ್ಕ್ರೂಡ್ರೈವರಿನದಲ್ಲ. ತೂಕ, ಬೂಟು, ವಯಸ್ಸು ಬದಲಾದಾಗ ಮತ್ತೆ ತೋರಿಸಬೇಕು.

ಎಷ್ಟೇ ಒಳ್ಳೆಯ ಸ್ಕೀ ಇದ್ದರೂ ಹಿಮಕುಸಿತವನ್ನು ಅದು ತಡೆಯದು. 2010ರ ಫೆಬ್ರವರಿಯಲ್ಲಿ ಗುಲ್ಮಾರ್ಗ್ ಬಳಿ ತರಬೇತಿಯಲ್ಲಿದ್ದ 17 ಮಂದಿ ಯೋಧರು ಹಿಮದಡಿ ಸಿಕ್ಕಿ ಅಸುನೀಗಿದರು. 2024ರ ಫೆಬ್ರವರಿಯಲ್ಲಿ ಅಲ್ಲಿಯೇ ರಷ್ಯದ ಒಬ್ಬ ಸ್ಕೀ ಪ್ರವಾಸಿ ಪ್ರಾಣ ಕಳೆದುಕೊಂಡರು. ಗುರುತಿಸಿದ ಗಡಿಯಾಚೆ ಹೋಗುವುದಾದರೆ ಹಿಮದಡಿ ಸಿಕ್ಕವರನ್ನು ಹುಡುಕುವ ರೇಡಿಯೊ ಸಾಧನ, ಶೋಧಕ ಕೋಲು, ಗುದ್ದಲಿ, ಬಲ್ಲ ಮಾರ್ಗದರ್ಶಿ ಇರಲೇಬೇಕು. ಜೊತೆಗಾರರಿಗೂ ಅವುಗಳ ಬಳಕೆ ಗೊತ್ತಿರಬೇಕು.

ಹೊಸ ಹಿಮಕ್ಕೆ ಹೊಸ ಸ್ಕೀ ಕೊಟ್ಟ ಮೆಕಾಂಕಿಯವರ ಕೊನೆಯೂ ಇಲ್ಲಿ ನೆನಪಾಗುತ್ತದೆ. 2009ರ ಮಾರ್ಚ್‌ನಲ್ಲಿ ಇಟಲಿಯ ಡೊಲೊಮೈಟ್ ಪರ್ವತದ ಬಂಡೆಯೊಂದರಿಂದ ಸ್ಕೀ ಸಹಿತ ಹಾರಿ, ನಡುಗಾಳಿಯಲ್ಲಿ ಸ್ಕೀ ಕಳಚಿ ಪ್ಯಾರಾಚೂಟ್ ಬಿಚ್ಚುವ ಸಾಹಸ ಅದು. ಸ್ಕೀ ಸಕಾಲಕ್ಕೆ ಕಳಚಿಕೊಳ್ಳಲಿಲ್ಲ. ಅವರಿಗಾಗ ಕೇವಲ 39 ವರ್ಷ. ಸಾಮಾನ್ಯ ವಿದ್ಯಾರ್ಥಿ ಅಂಥ ಸಾಹಸಕ್ಕೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಆದರೆ ಅಂಗಡಿಯಲ್ಲಿ ಸ್ಕೀಯ ಬಣ್ಣಕ್ಕೆ ಮನಸೋತ ಮಗುವಿನ ಪಕ್ಕದಲ್ಲಿ ನಿಂತ ತಂದೆತಾಯಿ ಕೇಳಬೇಕಾದ ಮೊದಲ ಪ್ರಶ್ನೆ, ಇದು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂಬುದಲ್ಲ. ಯಾವಾಗ ಬಿಡುತ್ತದೆ ಎಂಬುದು.